ಉಡುಪಿನ ಲಿಪಿ

ಜರ್ಮನಿ, ಆಸ್ಟ್ರಿಯ, ಹಂಗೇರಿ, ಬೊಹೀಮಿಯ ಪ್ರಾಂತಗಳ ಹಳೆಯ ಮನೆತನಗಳಲ್ಲಿ ಅಟ್ಟದ ಪೆಟ್ಟಿಗೆಯನ್ನು ತೆರೆದರೆ, ದಪ್ಪ ರಟ್ಟಿಗೆ ಅಂಟಿಸಿದ ಒಂದು ಭಾವಚಿತ್ರವು ದೊರೆಯುವುದು ಅಪರೂಪವಲ್ಲ. ಚಿತ್ರದಲ್ಲಿ ಎದೆಯುಬ್ಬಿಸಿ ನಿಂತ ತರುಣನೊಬ್ಬ. ಬಿಗಿಯಾದ ಕಾಲರು, ಸೊಂಟದಲ್ಲಿ ಕತ್ತಿ, ಮೇಲಕ್ಕೆ ತಿರುವಿದ ಮೀಸೆ. ರಟ್ಟಿನ ಅಂಚಿನಲ್ಲಿ ಛಾಯಾಚಿತ್ರಗಾರನ ಹೆಸರೂ ಅವನ ಊರೂ ಹೊಂಬಣ್ಣದಲ್ಲಿ ಅಚ್ಚಾಗಿರುತ್ತವೆ. ನಿಂತಿರುವವನ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. 'ಮುತ್ತಜ್ಜನ ತಮ್ಮನಿರಬೇಕು, ಯುದ್ಧದಲ್ಲಿ ತೀರಿಕೊಂಡನಂತೆ' ಎಂಬಷ್ಟೇ ಮನೆಯವರಿಗೆ ಉಳಿದಿರುವ ನೆನಪು.

೧೯೧೪ರಿಂದ ೧೯೧೮ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಸಾಮ್ರಾಜ್ಯದ ಪಕ್ಷದಲ್ಲಿ ಸುಮಾರು ಇಪ್ಪತ್ತು ಲಕ್ಷ ಸೈನಿಕರೂ, ಆಸ್ಟ್ರಿಯ-ಹಂಗೇರಿಯ ಪಕ್ಷದಲ್ಲಿ ಹತ್ತು ಲಕ್ಷಕ್ಕೆ ಮಿಕ್ಕವರೂ ಮಡಿದರು. ಆ ಎರಡು ಸಾಮ್ರಾಜ್ಯಗಳೂ ಯುದ್ಧದೊಡನೆಯೇ ಅಳಿದುಹೋದುವು. ಸತ್ತವರ ಮೊಮ್ಮಕ್ಕಳೂ ಮರಿಮಕ್ಕಳೂ ಇಂದು ಆ ಚಿತ್ರಗಳನ್ನು ಕೈಯಲ್ಲಿ ಹಿಡಿದು, 'ಈತನು ಯಾರು? ಯಾವ ದಳದಲ್ಲಿದ್ದ? ಎಲ್ಲಿ ಬಿದ್ದ?' ಎಂದು ವಿಚಾರಿಸುತ್ತಿದ್ದಾರೆ. ಈ ವಿಚಾರಣೆಯನ್ನು ಹೇಗೆ ನಡೆಸುತ್ತಾರೆಂಬುದನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಸರ್ಕಾರದ ದಫ್ತರಗಳಲ್ಲಿ ಹೆಸರನ್ನು ಹುಡುಕಿದರೆ ಸಾಲದೆ ಎಂದು ಯಾರಾದರೂ ಕೇಳಬಹುದು. ಅಲ್ಲಿಯೇ ತೊಡಕು. ಜರ್ಮನ್ ಸೈನ್ಯದ ಬಹುದೊಡ್ಡ ಭಾಗವು ಪ್ರಷ್ಯ ರಾಜ್ಯದ್ದು. ಪ್ರಷ್ಯದ ಸೇನಾದಫ್ತರಗಳನ್ನೆಲ್ಲ ಬರ್ಲಿನ್ನಿನ ನೆರೆಯ ಪಾಟ್ಸ್‌ಡಾಮ್ ನಗರದಲ್ಲಿ ಕೂಡಿಟ್ಟಿದ್ದರು. ಎರಡನೆಯ ಮಹಾಯುದ್ಧವು ಮುಗಿಯಲು ಇನ್ನು ಮೂರು ನಾಲ್ಕು ವಾರಗಳಿದ್ದಾಗ, ೧೯೪೫ನೆಯ ಏಪ್ರಿಲ್ ೧೪ರ ರಾತ್ರಿ, ಬ್ರಿಟಿಷ್ ವಿಮಾನಗಳು ಆ ನಗರದ ಮೇಲೆ ಬಾಂಬುಗಳನ್ನು ಸುರಿಸಿದುವು. ದಫ್ತರಖಾನೆಗೆ ಬೆಂಕಿ ಹತ್ತಿತು. ಅಧಿಕಾರಿಗಳ ಸೇವಾಪತ್ರಗಳು, ದಳಗಳ ದಿನಚರಿಗಳು, ಸಿಪಾಯಿಗಳ ಹಾಜರಿಪಟ್ಟಿಗಳು ಬಹುಪಾಲು ಬೂದಿಯಾದುವು. ಒಂದು ಯುದ್ಧದಲ್ಲಿ ಪ್ರಾಣ ಕಳೆದುಕೊಂಡವರು ಇನ್ನೊಂದು ಯುದ್ಧದಲ್ಲಿ ಹೆಸರನ್ನೂ ಕಳೆದುಕೊಂಡರು.

ಹೀಗೆ ಕಾಗದವು ಉರಿದುಹೋದ ಕಡೆ ಬಟ್ಟೆಯು ಸಾಕ್ಷಿ ನುಡಿಯಬೇಕಾಗಿದೆ. ಆ ಕಾಲದ ಸೈನ್ಯಗಳಲ್ಲಿ ಪೋಷಾಕೆಂಬುದು ಮೈಮುಚ್ಚುವ ವಸ್ತ್ರವಷ್ಟೇ ಆಗಿರಲಿಲ್ಲ. ಗುಂಡಿ, ಪಟ್ಟಿ, ಸರಿಗೆ, ನಕ್ಷತ್ರ, ತೋಳಿನ ಹೊಲಿಗೆ, ಇವೆಲ್ಲವೂ ಒಂದೊಂದು ಅಕ್ಷರ. ಅಕ್ಷರಗಳನ್ನು ಕೂಡಿಸಿ ಓದಬಲ್ಲವನಿಗೆ ರಾಜ್ಯ, ದಳ, ದರ್ಜೆ, ಕಾಲ ಇವು ಗೋಚರಿಸುತ್ತವೆ. ಈ ಲಿಪಿಯನ್ನು ಕಲಿಯುವವರು ಮೊದಲು ತಿಳಿಯತಕ್ಕ ಸೂತ್ರ ಒಂದೇ: ಒಂಟಿ ಅಕ್ಷರವನ್ನು ನಂಬಿ ಅರ್ಥ ಹೇಳಬಾರದು.

ಜರ್ಮನ್ ಅಧಿಕಾರಿಯ ಭುಜವನ್ನು ನೋಡೋಣ. ಭುಜದ ಪಟ್ಟಿಯ ಮೇಲೆ ನಕ್ಷತ್ರವೇ ಇಲ್ಲದಿದ್ದರೆ ಆತನು ಯಾರು? ನಮ್ಮ ಲೆಫ್ಟೆನೆಂಟಿಗೆ ಸಮನಾದ ಲಾಯ್ಟ್‌ನಾಂಟ್ ಆಗಿರಬಹುದು; ಮೇಜರ್ ಆಗಿರಬಹುದು; ಮೇಜರ್-ಜನರಲ್ ಕೂಡ ಆಗಿರಬಹುದು. ಮೂವರ ಪಟ್ಟಿಯಲ್ಲಿಯೂ ನಕ್ಷತ್ರವಿಲ್ಲ. ಭೇದವಿರುವುದು ಪಟ್ಟಿಯ ಕಟ್ಟಿನಲ್ಲಿ. ಬೆಳ್ಳಿಯ ಸರಿಗೆಹುರಿಗಳನ್ನು ಒಂದರ ಪಕ್ಕದಲ್ಲೊಂದು ಚಪ್ಪಟೆಯಾಗಿ ಹಾಸಿದ್ದರೆ ಕ್ಯಾಪ್ಟನ್ನಿನವರೆಗಿನ ಕಿರಿಯ ಅಧಿಕಾರಿ. ಹುರಿಗಳನ್ನು ಜಡೆಯಂತೆ ಹೆಣೆದಿದ್ದರೆ ಮೇಜರ್, ಕರ್ನಲ್ ಮುಂತಾದ ಹಿರಿಯ ಅಧಿಕಾರಿ. ಆ ಜಡೆಯಲ್ಲಿ ಚಿನ್ನವೂ ಬೆಳ್ಳಿಯೂ ಕೂಡಿದ್ದರೆ ಸೇನಾಪತಿ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಎಣಿಕೆಯು ಸೊನ್ನೆಯಿಂದಲೇ ಆರಂಭವಾಗುತ್ತದೆ. ಹುರಿಗಳ ನಡುವೆ ಸೇರಿಸಿದ ಬಣ್ಣದ ಎಳೆಯು ರಾಜ್ಯವನ್ನು ಹೇಳುತ್ತದೆ: ಪ್ರಷ್ಯಕ್ಕೆ ಕಪ್ಪು, ಬವೇರಿಯಕ್ಕೆ ನೀಲಿ, ಸ್ಯಾಕ್ಸನಿಗೆ ಹಸುರು.

ರಾಜ್ಯಗಳ ಮಾತು ಇಲ್ಲಿ ಏಕೆ ಬಂದಿತೆಂದರೆ, ೧೮೭೧ರಲ್ಲಿ ಸ್ಥಾಪಿತವಾದ ಜರ್ಮನ್ ಸಾಮ್ರಾಜ್ಯವು ಅನೇಕ ಅರಸರ ಒಕ್ಕೂಟವಾಗಿತ್ತು. ಪ್ರಷ್ಯ, ಬವೇರಿಯ, ಸ್ಯಾಕ್ಸನಿ, ವುರ್ಟೆಂಬರ್ಗ್ ಈ ನಾಲ್ಕು ರಾಜ್ಯಗಳಿಗೂ ಬೇರೆ ಬೇರೆ ಯುದ್ಧಮಂತ್ರಾಲಯಗಳಿದ್ದುವು. ೧೮೯೭ರಿಂದೀಚೆಗೆ ಸಿಪಾಯಿಯ ಟೋಪಿಯ ಮುಂಭಾಗದಲ್ಲಿ ಎರಡು ದುಂಡು ಬಿಲ್ಲೆಗಳನ್ನು ಧರಿಸುತ್ತಿದ್ದರು. ಮೇಲಿನದು ಸಾಮ್ರಾಜ್ಯದ್ದು, ಕಪ್ಪು, ಬಿಳುಪು, ಕೆಂಪು. ಕೆಳಗಿನದು ಅವನ ಸ್ವಂತ ರಾಜ್ಯದ್ದು. ಪ್ರಷ್ಯದ ಬಿಲ್ಲೆಯು ಕಪ್ಪು ಬಿಳುಪು, ಬವೇರಿಯದ್ದು ಬಿಳುಪು ನೀಲಿ. ಚಿತ್ರದಲ್ಲಿ ಬಣ್ಣವಿಲ್ಲದಿದ್ದರೂ ಮೊದಲನೆಯದು ಕಪ್ಪಾಗಿಯೂ ಎರಡನೆಯದು ತೆಳುವಾಗಿಯೂ ಕಾಣುತ್ತದೆ. ಅಕ್ಕಿಕಾಳಿನಷ್ಟಾಗಿ ಮೂಡಿರುವ ಈ ಚುಕ್ಕೆಯಿಂದ ಆಗುವ ಉಪಕಾರವು ಸಣ್ಣದಲ್ಲ. ಬವೇರಿಯದ ದಫ್ತರಗಳು ಮ್ಯೂನಿಕ್ ನಗರದಲ್ಲಿಯೂ, ವುರ್ಟೆಂಬರ್ಗಿನವು ಸ್ಟಟ್‌ಗಾರ್ಟಿನಲ್ಲಿಯೂ ಇದ್ದುದರಿಂದ ಪಾಟ್ಸ್‌ಡಾಮಿನ ಬೆಂಕಿಗೆ ಸಿಕ್ಕಲಿಲ್ಲ. ಆದುದರಿಂದ ಕೆಳಗಿನ ಬಿಲ್ಲೆಯು ತೆಳುವಾಗಿ ಕಂಡರೆ ಮನೆಯವರಿಗೆ ಆಸೆ ಹುಟ್ಟುತ್ತದೆ. ಕಪ್ಪಾಗಿ ಕಂಡರೆ ದಾರಿಯು ದೀರ್ಘವೆಂದು ತಿಳಿಯಬೇಕು.

ಕಾಲವನ್ನು ಗೊತ್ತುಮಾಡುವುದಕ್ಕೂ ಉಡುಪೇ ಆಧಾರ. ಪ್ರಷ್ಯದ ಪದಾತಿಗಳ ಹಳೆಯ ಅಂಗಿಯು ಗಾಢನೀಲಿ. ಯುದ್ಧಭೂಮಿಗಾಗಿ ಬೂದುಬಣ್ಣದ ಉಡುಪನ್ನು ಜಾರಿಗೆ ತಂದುದು ೧೯೧೦ರಲ್ಲಿ. ಗುಂಡಿಗಳು ಹೊರಗೆ ಕಾಣದಂತೆ ಮುಚ್ಚುಪಟ್ಟಿಯಿರುವ ಅಂಗಿಯು ಬಂದುದು ೧೯೧೫ರಲ್ಲಿ. ಮೊನೆಯುಳ್ಳ ತೊಗಲಿನ ಶಿರಸ್ತ್ರಾಣದ ಬದಲು ಉಕ್ಕಿನ ಶಿರಸ್ತ್ರಾಣವನ್ನು ಕೊಟ್ಟುದು ೧೯೧೬ರಲ್ಲಿ. ಎದೆಯ ಮೇಲಿನ ಕಬ್ಬಿಣದ ಶಿಲುಬೆಯೆಂಬ ಪದಕದ ಕೆಳತೋಳಿನಲ್ಲಿ ೧೯೧೪ ಎಂಬ ಅಂಕಿಯಿದ್ದರೆ, ಚಿತ್ರವನ್ನು ಆ ವರ್ಷದ ಆಗಸ್ಟ್ ತಿಂಗಳಿಗಿಂತ ಮುಂಚೆ ತೆಗೆದಿರಲಾರರು. ೧೮೭೦ ಎಂದಿದ್ದರೆ ಧರಿಸಿದವನು ಹಿಂದಿನ ಫ್ರಾನ್ಸ್ ಯುದ್ಧದ ಮುದುಕ. ಹೀಗೆ ಎರಡು ಮೂರು ವರ್ಷಗಳ ಅಂತರದಲ್ಲಿ ಚಿತ್ರವನ್ನು ನಿಲ್ಲಿಸುವುದು ಸಾಧ್ಯವಾಗುತ್ತದೆ.

ಆಸ್ಟ್ರಿಯ-ಹಂಗೇರಿಯ ಕಡೆಗೆ ತಿರುಗಿದರೆ ಲಿಪಿಯೇ ಬೇರೆ. ಅಲ್ಲಿ ದರ್ಜೆಯನ್ನು ಭುಜದಲ್ಲಿ ಹುಡುಕಿ ಫಲವಿಲ್ಲ. ಕಾಲರಿನ ತುದಿಯನ್ನು ನೋಡಬೇಕು. ಅಲ್ಲಿ ಆರು ಮೂಲೆಯ ನಕ್ಷತ್ರಗಳು ಒಂದು, ಎರಡು, ಮೂರು ಎಂದು ಏರುತ್ತವೆ. ಮೂರು ನಕ್ಷತ್ರಗಳಿದ್ದುವೆಂದು ಇಟ್ಟುಕೊಳ್ಳೋಣ. ಅವು ಬರಿಯ ಬಿಳಿಯವಾದರೆ ಧರಿಸಿದವನು ನಮ್ಮ ಹವಾಲ್ದಾರನಂತಹ ಕೆಳದರ್ಜೆಯವನು. ಚಿನ್ನದ ಅಥವಾ ಬೆಳ್ಳಿಯ ಕಸೂತಿಯವಾದರೆ ಕ್ಯಾಪ್ಟನ್. ನಕ್ಷತ್ರಗಳ ಕೆಳಗೆ ಅಗಲವಾದ ಸರಿಗೆಪಟ್ಟಿಯನ್ನು ಹಾಸಿದ್ದರೆ ಕರ್ನಲ್. ಆ ಸರಿಗೆಯು ಅಂಕುಡೊಂಕಾದ ನೆಯ್ಗೆಯದಾದರೆ ಸೇನಾಪತಿ. ಮೂರು ನಕ್ಷತ್ರಗಳನ್ನು ಕಂಡು 'ನಮ್ಮ ಮುತ್ತಜ್ಜನು ಕರ್ನಲ್' ಎಂದು ಹಿಗ್ಗಿದ ಮನೆಯವರು, ಸರಿಗೆಪಟ್ಟಿಯಿಲ್ಲವೆಂಬುದನ್ನು ಗಮನಿಸದಿದ್ದರೆ ದಫ್ತರಖಾನೆಯಲ್ಲಿ ತಪ್ಪು ಪಟ್ಟಿಯನ್ನು ವರ್ಷಗಟ್ಟಲೆ ತಿರುವಬೇಕಾದೀತು.

೧೯೧೪ರಲ್ಲಿ ಆ ಸಾಮ್ರಾಜ್ಯದ ಸಾಮಾನ್ಯ ಸೈನ್ಯದಲ್ಲಿ ೧೦೨ ಪದಾತಿದಳಗಳಿದ್ದುವು. ಇವುಗಳನ್ನು ಕಾಲರು ಮತ್ತು ತೋಳಂಚಿನ ಬಣ್ಣದಿಂದ ಗುರುತಿಸುತ್ತಿದ್ದರು. ಬಣ್ಣಗಳು ಒಟ್ಟು ೨೮. ಅವುಗಳಲ್ಲಿ ಕೆಂಪಿನ ಛಾಯೆಗಳೇ ಹತ್ತು! ಒಂದೊಂದು ಬಣ್ಣಕ್ಕೂ ಗುಂಡಿ ಹಳದಿಯೋ ಬಿಳುಪೋ ಎಂಬ ಭೇದ. ಅದರ ಮೇಲೆ ದಳವು ಹಂಗೇರಿಯದೋ ಅಲ್ಲವೋ ಎಂಬ ಭೇದ. ಹಂಗೇರಿಯದಾದರೆ ಷರಾಯಿಯು ಕಾಲಿಗೆ ಅಂಟಿದಂತಿದ್ದು, ತೊಡೆಯ ಮೇಲೆ ಹುರಿಯ ಗಂಟಿನ ಚಿತ್ತಾರವಿರುತ್ತಿತ್ತು. ಈ ಮೂರನ್ನು ಕೂಡಿಸಿದರೆ ದಳದ ಸಂಖ್ಯೆಯು ಹೊರಬೀಳುತ್ತಿತ್ತು. ಆಕಾಶನೀಲಿ, ಹಳದಿ ಗುಂಡಿ, ಹಂಗೇರಿಯದಲ್ಲ ಎಂದರೆ ನಾಲ್ಕನೆಯ ದಳ. ವಿಯೆನ್ನ ನಗರದವರು ತಮ್ಮದೆಂದು ಹೆಮ್ಮೆಪಡುತ್ತಿದ್ದ 'ಡಾಯ್ಚ್‌ಮೈಸ್ಟರ್' ಪದಾತಿಗಳು.

ಆದರೆ ಬಣ್ಣವಿಲ್ಲದ ಚಿತ್ರದಲ್ಲಿ ಬಣ್ಣವನ್ನು ಓದುವುದು ಹೇಗೆ? ಇಲ್ಲಿ ರಸಾಯನಶಾಸ್ತ್ರವು ಕಣ್ಣನ್ನು ಮೋಸಗೊಳಿಸುತ್ತದೆ. ಆ ಕಾಲದ ಛಾಯಾಚಿತ್ರದ ಗಾಜುಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ನೀಲಿಯು ಬಹಳವಾಗಿ ತಾಗುತ್ತಿತ್ತು. ಆದಕಾರಣ ಕಡುಗೆಂಪು ಕಾಲರು ಇದ್ದಿಲಿನಂತೆ ಕಪ್ಪಾಗಿಯೂ, ಆಕಾಶನೀಲಿಯ ಕಾಲರು ಬೆಳ್ಳಗೆಯೂ ಮೂಡುತ್ತವೆ. ಇದನ್ನು ಅರಿಯದವನು ಕೆಂಪನ್ನು ಕಪ್ಪೆಂದೂ ನೀಲಿಯನ್ನು ಬಿಳುಪೆಂದೂ ಬರೆದಿಟ್ಟು, ಮುಂದಿನವರನ್ನೂ ದಾರಿ ತಪ್ಪಿಸುತ್ತಾನೆ. ಅನುಭವಿಗಳು ಇಂತಹ ಎಡೆಯಲ್ಲಿ ಬಣ್ಣವನ್ನು ಬದಿಗಿಟ್ಟು, ಭೂತಗನ್ನಡಿಯಿಂದ ಗುಂಡಿಯನ್ನು ನೋಡುತ್ತಾರೆ. ಪದಾತಿಯ ಗುಂಡಿಯ ಮೇಲೆ ದಳದ ಸಂಖ್ಯೆಯನ್ನು ಒತ್ತಿರುತ್ತಿದ್ದರು. ಟೋಪಿಯ ಬಿಲ್ಲೆಯಲ್ಲಿ ಚಕ್ರವರ್ತಿಯ ಹೆಸರಿನ ಮೊದಲಕ್ಷರಗಳಿರುತ್ತವೆ. ಫ್ರಾನ್ಸ್ ಜೋಸೆಫ್ ಚಕ್ರವರ್ತಿಯು ೧೯೧೬ನೆಯ ನವೆಂಬರ್ ೨೧ರಂದು ತೀರಿಕೊಂಡನು. ಬಿಲ್ಲೆಯಲ್ಲಿ ಅವನ ಉತ್ತರಾಧಿಕಾರಿಯಾದ ಕಾರ್ಲನ ಅಕ್ಷರವಿದ್ದರೆ ಚಿತ್ರವು ಆ ದಿನಕ್ಕಿಂತ ಈಚಿನದು. ಪದಕದ ಪಟ್ಟಿಯನ್ನು ತ್ರಿಕೋನವಾಗಿ ಮಡಿಸಿದ್ದರೆ, ಮಿಕ್ಕ ಗುರುತುಗಳೆಲ್ಲ ಮಸುಕಾಗಿದ್ದರೂ, ಅದು ಆಸ್ಟ್ರಿಯದ ಪದ್ಧತಿಯೆಂದು ಹೇಳಬಹುದು.

ಈ ಸೈನ್ಯದ ಮುಖಾಮುಖಿಯು ನಮ್ಮ ನಾಡಿನವರಿಗೂ ಒಮ್ಮೆ ಒದಗಿತ್ತು. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಪ್ಯಾಲಸ್ತೀನದ ಹೈಫಾ ನಗರವನ್ನು ಹಿಡಿದ ದಿನ, ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿ ತುರ್ಕಿಯವರಿಗೆ ಬೆಂಬಲವಾಗಿದ್ದ ಆಸ್ಟ್ರಿಯದ ಫಿರಂಗಿಗಳ ಮೇಲೆ ಕುದುರೆಯೇರಿ ನುಗ್ಗಿದವರಲ್ಲಿ ಮೈಸೂರು ಸಂಸ್ಥಾನದ ಲ್ಯಾನ್ಸರ್ ಸವಾರರಿದ್ದರು. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಪ್ರತಿನಿಧಿಸುವುದು ಹೈದರಾಬಾದು, ಜೋಧಪುರ, ಮೈಸೂರು ಸಂಸ್ಥಾನಗಳ ಸವಾರರನ್ನು. ಎದುರುಬದುರಾಗಿ ಹೋರಾಡಿದ ಇವರ ಮನೆಗಳಲ್ಲಿಯೂ, ಅವರ ಮನೆಗಳಲ್ಲಿಯೂ ಇಂದು ಉಳಿದಿರುವುದು ಒಂದೇ ಬಗೆಯ ಮಸುಕು ಪಟ.

ಉಡುಪಿನ ಲಿಪಿಯನ್ನು ಕಲಿತವನು ಇನ್ನೊಂದು ಎಚ್ಚರಿಕೆಯನ್ನೂ ಇಟ್ಟುಕೊಳ್ಳಬೇಕು, ಬಟ್ಟೆಯೂ ಸುಳ್ಳಾಡಬಲ್ಲುದು. ೧೯೦೬ನೆಯ ಅಕ್ಟೋಬರ್ ೧೬ರಂದು ವಿಲ್ಹೆಲ್ಮ್ ಫೋಯ್ಟ್ ಎಂಬ ಬಡ ಚಮ್ಮಾರನೊಬ್ಬನು, ಹಳೆಯ ಬಟ್ಟೆಯ ಅಂಗಡಿಗಳಿಂದ ಕೊಂಡ ಕ್ಯಾಪ್ಟನ್ನನ ಪೋಷಾಕನ್ನು ತೊಟ್ಟು ಬರ್ಲಿನ್ನಿನ ಬೀದಿಗಿಳಿದನು. ದಾರಿಯಲ್ಲಿ ಸಿಕ್ಕಿದ ಸಿಪಾಯಿಗಳಿಗೆ ತನ್ನ ಹಿಂದೆ ಬರುವಂತೆ ಅಪ್ಪಣೆಮಾಡಿದನು. ಅವರು ಮರುಮಾತಿಲ್ಲದೆ ಹಿಂಬಾಲಿಸಿದರು. ಕೋಪೆನಿಕ್ ಎಂಬ ಪಟ್ಟಣಕ್ಕೆ ಹೋಗಿ ಪೌರಾಧ್ಯಕ್ಷನನ್ನೇ ಸೆರೆಹಿಡಿದು, ಖಜಾನೆಯಿಂದ ಮೂರೂವರೆ ಸಾವಿರ ಮಾರ್ಕಿಗೆ ಮಿಕ್ಕ ಹಣವನ್ನು ತೆಗೆದುಕೊಂಡು ಮಾಯವಾದನು. ಆತನಿಗೆ ಆಗ ೫೭ ವರ್ಷ. ಕ್ಯಾಪ್ಟನ್ನಿನ ದರ್ಜೆಗೆ ಸಲ್ಲದ ವಯಸ್ಸು. ಭುಜದ ಪಟ್ಟಿಯನ್ನು ನೋಡಿದವರು ಮುಖವನ್ನು ನೋಡಲಿಲ್ಲ. ಜಗತ್ತೇ ನಕ್ಕಿತು, ನಾಲ್ಕು ವರ್ಷಗಳ ಶಿಕ್ಷೆಯಾಗಿದ್ದ ಅವನನ್ನು ಚಕ್ರವರ್ತಿಯು ೧೯೦೮ರಲ್ಲಿ ಕ್ಷಮಿಸಿ ಬಿಡಿಸಿದನು. ಹಳೆಯ ಪಟವನ್ನು ಪರೀಕ್ಷಿಸುವವರು ಈ ಕಥೆಯನ್ನು ಮರೆಯತಕ್ಕದ್ದಲ್ಲ. ದರ್ಜೆಗೂ ವಯಸ್ಸಿಗೂ ಹೊಂದಿಕೆಯಿದೆಯೇ, ಪದಕಕ್ಕೂ ಉಡುಪಿನ ವರ್ಷಕ್ಕೂ ಒಪ್ಪುತ್ತದೆಯೇ ಎಂದು ನೋಡಲೇಬೇಕು.

ಉಡುಪಿನಿಂದ ದಳವೂ ದರ್ಜೆಯೂ ತಿಳಿದ ಬಳಿಕ ಅಚ್ಚಾದ ಪಟ್ಟಿಗಳ ಸರದಿ. ಎರಡು ಸಾಮ್ರಾಜ್ಯಗಳಲ್ಲಿಯೂ ಅಧಿಕಾರಿಗಳ ಹೆಸರು, ದಳ, ದರ್ಜೆಗಳನ್ನು ಯುದ್ಧಕ್ಕೆ ಮುಂಚೆ ವರ್ಷವರ್ಷವೂ ಪುಸ್ತಕರೂಪದಲ್ಲಿ ಅಚ್ಚುಹಾಕಿಸುತ್ತಿದ್ದರು. ಅಚ್ಚಾದ ಪುಸ್ತಕವು ಒಂದೆಡೆ ಸುಟ್ಟರೂ ಇನ್ನೊಂದೆಡೆ ಉಳಿಯುತ್ತದೆ. ಪಾಟ್ಸ್‌ಡಾಮಿನ ಬೆಂಕಿಯು ಇವುಗಳನ್ನು ಮುಟ್ಟಲಾರದೆ ಹೋಯಿತು. ಯುದ್ಧಕಾಲದಲ್ಲಿ ಜರ್ಮನ್ ಸರ್ಕಾರವು ಪ್ರಕಟಿಸಿದ ಸತ್ತವರ, ಗಾಯಗೊಂಡವರ, ಕಾಣೆಯಾದವರ ಪಟ್ಟಿಗಳು ಮೂವತ್ತು ಸಾವಿರಕ್ಕೆ ಮಿಕ್ಕ ಪುಟಗಳಷ್ಟಿವೆ. ವಂಶಾವಳಿಯಲ್ಲಿ ಆಸಕ್ತರಾದ ಸಾಮಾನ್ಯ ಗೃಹಸ್ಥರು, ಯಾವ ಸಂಬಳವನ್ನೂ ಬಯಸದೆ, ಆ ಪುಟಗಳಲ್ಲಿಯ ಹೆಸರುಗಳನ್ನು ಒಂದೊಂದಾಗಿ ನಕಲುಮಾಡಿ ಗಣಕಯಂತ್ರದ ಸೂಚಿಯಲ್ಲಿ ಸೇರಿಸಿದ್ದಾರೆ. ಇಂದು ಒಂದು ಹೆಸರನ್ನು ಬರೆದು ಕೇಳಿದರೆ ಕ್ಷಣದಲ್ಲಿ ಪುಟವು ದೊರೆಯುತ್ತದೆ.

ವಿಯೆನ್ನದ ಯುದ್ಧದಫ್ತರಖಾನೆಯು ೧೭೧೧ರಲ್ಲಿ ಸ್ಥಾಪಿತವಾದುದು. ಅಲ್ಲಿಯ ಅಧಿಕಾರಿಗಳ ಗುಣವಿವರಣಪಟ್ಟಿಗಳು ನಮಗೆ ಬಹಳ ಕುತೂಹಲಕರವಾಗಿ ಕಂಡುವು. ಪ್ರತಿಯೊಬ್ಬ ಅಧಿಕಾರಿಯ ವಿಷಯವಾಗಿ ಅವನ ಮೇಲಧಿಕಾರಿಗಳು ಬರೆದ ವರದಿಗಳವು. ಹುಟ್ಟಿದೂರು, ಮತ, ವಿವಾಹವಾಗಿದೆಯೇ, ಆಸ್ತಿಯಿದೆಯೇ, ಸಾಲವಿದೆಯೇ, ನಡತೆಯೆಂತಹದು, ಯಾವ ಯಾವ ಭಾಷೆಗಳನ್ನು ಎಷ್ಟೆಷ್ಟು ಬಲ್ಲನು, ಎಲ್ಲವನ್ನೂ ಬರೆದಿರುತ್ತಾರೆ. ಆಸ್ತಿಯ ವಿಚಾರಕ್ಕೆ ಕಾರಣವಿತ್ತು. ಅಧಿಕಾರಿಯು ಮದುವೆಯಾಗಬೇಕಾದರೆ ಅಪ್ಪಣೆ ಪಡೆಯಬೇಕು; ಸಂಸಾರವು ಮರ್ಯಾದೆಯಾಗಿ ನಡೆಯಲು ಬಡ್ಡಿ ಬರುವಂತೆ ದೊಡ್ಡ ಮೊತ್ತವನ್ನು ಠೇವಣಿಯಿಡಬೇಕು. ಬಡ ಲೆಫ್ಟೆನೆಂಟನು ಒಲಿದವಳನ್ನು ಕೈಹಿಡಿಯಲಾರದೆ ಬ್ರಹ್ಮಚಾರಿಯಾಗಿಯೇ ಮುದಿಯಾಗುತ್ತಿದ್ದುದೂ ಉಂಟು. ಭಾಷೆಯ ವಿಚಾರಕ್ಕೂ ಕಾರಣವಿತ್ತು. ಸೈನ್ಯದಲ್ಲಿ ಹತ್ತಕ್ಕೆ ಕಡಮೆಯಿಲ್ಲದಷ್ಟು ಭಾಷೆಗಳವರಿದ್ದರು. ಆಜ್ಞೆಯ ಮಾತುಗಳು ಜರ್ಮನ್ ಭಾಷೆಯವು, ಸುಮಾರು ಎಂಬತ್ತು. ಮಿಕ್ಕ ಮಾತನ್ನೆಲ್ಲ ಅಧಿಕಾರಿಯು ತನ್ನ ಸಿಪಾಯಿಗಳ ಭಾಷೆಯಲ್ಲಿಯೇ ಆಡಬೇಕೆಂದು ನಿಯಮವಿತ್ತು. ಒಂದೇ ಅಂತಸ್ತಿನ ಅಧಿಕಾರಿಗಳು, ಒಬ್ಬನು ಪ್ರಭುವಂಶದವನಾಗಿ ಇನ್ನೊಬ್ಬನು ಗುಮಾಸ್ತೆಯ ಮಗನಾಗಿದ್ದರೂ, ಪರಸ್ಪರ 'ನೀನು' ಎಂದೇ ಸಂಬೋಧಿಸುತ್ತಿದ್ದರು.

ಕಾಗದವೂ ಕೆಲವೊಮ್ಮೆ ಉಡುಪಿನಂತೆಯೇ ವಂಚಿಸುತ್ತದೆಂದು ಹೇಳದಿದ್ದರೆ ಪೂರ್ಣವಾಗದು. ಆಲ್ಫ್ರೆಡ್ ರೆಡ್ಲ್ ಎಂಬ ಕರ್ನಲ್ಲನನ್ನು ಅವನ ಮೇಲಧಿಕಾರಿಗಳು ಇಂತಹ ಪಟ್ಟಿಗಳಲ್ಲಿ ಬಹಳವಾಗಿ ಹೊಗಳಿದ್ದರು. ಅನೇಕ ವರ್ಷಗಳಿಂದ ಅವನು ರಷ್ಯಕ್ಕೆ ಸೇನಾರಹಸ್ಯಗಳನ್ನು ಮಾರುತ್ತಿದ್ದನೆಂಬುದು ೧೯೧೩ನೆಯ ಮೇ ತಿಂಗಳಲ್ಲಿ ಬಯಲಾಯಿತು; ಅವನು ಗುಂಡುಹಾರಿಸಿಕೊಂಡು ಸತ್ತನು. ಆದುದರಿಂದ ಬಟ್ಟೆಯನ್ನು ಕಾಗದದಿಂದಲೂ, ಕಾಗದವನ್ನು ಬಟ್ಟೆಯಿಂದಲೂ ಒರೆಗೆ ಹಚ್ಚುವುದೇ ಬುದ್ಧಿವಂತರ ಕ್ರಮ.

೧೯೧೮ನೆಯ ನವೆಂಬರಿನಲ್ಲಿ ಸಾಮ್ರಾಜ್ಯಗಳು ಕುಸಿದಾಗ ಮೊದಲು ಪೆಟ್ಟುಬಿದ್ದುದು ಈ ಗುರುತುಗಳಿಗೇ. ವಿಯೆನ್ನದ ಬೀದಿಗಳಲ್ಲಿ ಜನರು ಅಧಿಕಾರಿಗಳ ಟೋಪಿಯ ಬಿಲ್ಲೆಗಳನ್ನು ಕಿತ್ತೆಸೆದರು. ಜರ್ಮನಿಯಲ್ಲಿ ಭುಜದ ಪಟ್ಟಿಗಳನ್ನು ಹರಿದರು. ಆಸ್ಟ್ರಿಯ-ಹಂಗೇರಿಯ ಸೇವಾಪತ್ರಗಳನ್ನು ಹೊಸ ರಾಜ್ಯಗಳು ಪಾಲುಮಾಡಿಕೊಂಡುವು. ಒಂದೇ ಕಂದಕದಲ್ಲಿ ಕಾದಿದ ಇಬ್ಬರ ಪೈಕಿ ಒಬ್ಬನ ಕಾಗದವು ಪ್ರಾಗ್ ನಗರದಲ್ಲಿ, ಇನ್ನೊಬ್ಬನದು ಬುಡಾಪೆಸ್ಟಿನಲ್ಲಿ ಸಿಕ್ಕಬಹುದು. ಅವಿಭಕ್ತ ಕುಟುಂಬದ ಪಾತ್ರೆಪದಾರ್ಥಗಳು ಹಂಚಿಕೆಯಾದಂತೆಯೇ ಇದು.

ಇಂತಹ ಸಂಶೋಧನೆಯು ಬಿಡುವಿದ್ದವರ ವಿನೋದವೆಂದು ಕೆಲವರು ಹೇಳಿಯಾರು. ಆದರೆ ಸೇವೆಯ ಪುರಾವೆಯೇ ಅನ್ನದ ಪ್ರಶ್ನೆಯಾಗಿದ್ದ ದಿನಗಳನ್ನೂ ಜರ್ಮನಿಯು ಕಂಡಿದೆ. ಪ್ರಷ್ಯದಲ್ಲಿ ಯುದ್ಧಕ್ಕೆ ಹಿಂದಿನ ಅನೇಕ ವರ್ಷ ಯೆಹೂದ್ಯಮತದವರನ್ನು ಮೀಸಲು ಅಧಿಕಾರಿಗಳನ್ನಾಗಿಯೂ ನೇಮಿಸುತ್ತಿರಲಿಲ್ಲ. ಆಸ್ಟ್ರಿಯ-ಹಂಗೇರಿಯಲ್ಲಿ ಅವರ ಸಂಖ್ಯೆಯು ದೊಡ್ಡದಾಗಿತ್ತು. ಯುದ್ಧವು ಬಂದಾಗ ಜರ್ಮನ್ ಯೆಹೂದ್ಯರೂ ರಣಕ್ಕೆ ಹೋದರು. ಸುಮಾರು ೧೨,೦೦೦ ಮಂದಿ ಮಡಿದರು. ಆದರೂ ಅವರು ಯುದ್ಧಕ್ಕೆ ಹಿಂಜರಿದರೆಂಬ ಅಪವಾದವು ಹಬ್ಬಿತು. ೧೯೧೬ರಲ್ಲಿ ಯುದ್ಧಮಂತ್ರಾಲಯವು ಸೈನ್ಯದಲ್ಲಿ ಯೆಹೂದ್ಯರೆಷ್ಟು ಮಂದಿಯೆಂದು ಎಣಿಸಿ, ಫಲಿತಾಂಶವನ್ನು ಯುದ್ಧ ಮುಗಿಯುವವರೆಗೂ ಪ್ರಕಟಿಸದೆ ಬಿಟ್ಟಿತು. ಕೊನೆಗೆ ಆ ಮತದ ಮಾಜಿ ಸೈನಿಕರ ಸಂಘವೇ ಹೆಸರುಗಳನ್ನು ಕೂಡಿಹಾಕಿ, ೧೯೩೨ರಲ್ಲಿ, ಹತ್ತು ಸಾವಿರಕ್ಕೆ ಮಿಕ್ಕ ಹುತಾತ್ಮರ ಪಟ್ಟಿಯನ್ನು ಪುಸ್ತಕವಾಗಿ ಹೊರತಂದಿತು. ಮರುವರ್ಷ ನಾಟ್ಸಿಗಳು ಯೆಹೂದ್ಯರನ್ನು ಸರ್ಕಾರದ ಕೆಲಸಗಳಿಂದ ಹೊರದೂಡಿದಾಗ, ರಣರಂಗದಲ್ಲಿ ಹೋರಾಡಿದವರನ್ನೂ ತಂದೆಯನ್ನೋ ಮಗನನ್ನೋ ಯುದ್ಧದಲ್ಲಿ ಕಳೆದುಕೊಂಡವರನ್ನೂ ಕೆಲಕಾಲ ಬಿಟ್ಟರು. ಆಗ ಪೆಟ್ಟಿಗೆಯ ತಳದಲ್ಲಿದ್ದ ಸೇವಾಪತ್ರ, ಪದಕ, ಪಟಗಳು ಮನೆಮನೆಯಲ್ಲಿ ಹೊರಬಂದುವು. ೧೯೩೫ರ ಕೊನೆಗೆ ಆ ರಿಯಾಯಿತಿಯೂ ರದ್ದಾಯಿತು. ಮುಂದೆ ನಡೆದುದನ್ನು ಲೋಕವೇ ಬಲ್ಲದು. ಪಾಟ್ಸ್‌ಡಾಮಿನ ಬೆಂಕಿಯು ಆರಿದ ಮೇಲೆ ಆ ಹತ್ತು ಸಾವಿರ ಮಂದಿಯ ಹೆಸರನ್ನು ಉಳಿಸಿಕೊಟ್ಟ ಆಧಾರಗಳಲ್ಲಿ ೧೯೩೨ರ ಪುಸ್ತಕವು ಮುಖ್ಯವಾದುದು. ಬರೆದಿಟ್ಟವರು ಬರೆದಿಡದಿದ್ದರೆ ಅಪವಾದವೇ ಚರಿತ್ರೆಯಾಗಿ ನಿಲ್ಲುತ್ತಿತ್ತು.

ಉಡುಪು ಬಹಳವನ್ನು ಹೇಳುತ್ತದೆ. ಯಾವ ಅರಸನ ಆಳು, ಯಾವ ದಳ, ಯಾವ ದರ್ಜೆ, ಯಾವ ವರ್ಷ, ಇವೆಲ್ಲವನ್ನೂ ಅದು ಬಲ್ಲದು. ತೊಟ್ಟವನ ಹೆಸರನ್ನು ಮಾತ್ರ ಅದು ತಾನಾಗಿ ಹೇಳಲಾರದು. ಹೆಸರು ಬೇಕಾದರೆ ಯಾರೋ ಒಬ್ಬರು, ಅವನನ್ನು ಬಲ್ಲವರು, ಬರೆದಿಟ್ಟಿರಬೇಕು. ಮಧ್ಯ ಯೂರೋಪಿನ ಗೃಹಸ್ಥರು ಇಂದು ಭೂತಗನ್ನಡಿ ಹಿಡಿದು ಗುಂಡಿಗಳನ್ನು ಎಣಿಸುತ್ತಿರುವುದು, ನೂರು ವರ್ಷಗಳ ಹಿಂದೆ ಒಬ್ಬ ತಾಯಿಯೋ ತಂಗಿಯೋ ಎರಡು ಸಾಲು ಬರೆಯದೆ ಬಿಟ್ಟುದರಿಂದ. ಅವಳಿಗೆ ಬರೆಯುವ ಅಗತ್ಯವೇ ತೋರಿರಲಿಲ್ಲ. ಮನೆಯಲ್ಲಿ ಅವನನ್ನು ಅರಿಯದವರು ಯಾರಿದ್ದರು?

ನಮ್ಮ ಮನೆಗಳ ಗೋಡೆಯ ಮೇಲೂ ಇಂತಹ ಪಟಗಳಿವೆ. ಪೇಟ ಧರಿಸಿ ಕುರ್ಚಿಯಲ್ಲಿ ಕುಳಿತ ಹಿರಿಯರು, ಪಕ್ಕದಲ್ಲಿ ನಿಂತ ಅಜ್ಜಿ, ಶಾಲೆಯ ಗುಂಪಿನ ಚಿತ್ರ, ದಂಡಿಗೆ ಸೇರಿ ಊರುಬಿಟ್ಟ ಚಿಕ್ಕಪ್ಪ. ಇವರೆಲ್ಲರ ಹೆಸರನ್ನು ಹೇಳಬಲ್ಲವರು ಮನೆಯಲ್ಲಿ ಇನ್ನೂ ಒಬ್ಬಿಬ್ಬರಿದ್ದಾರು. ವಾಚಕರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಪಟವನ್ನು ಇಳಿಸಿ, ಹಿಂಬದಿಯಲ್ಲಿ ಮೆತ್ತನೆಯ ಸೀಸದಕಡ್ಡಿಯಿಂದ ಹೆಸರು, ಊರು, ವರ್ಷ, ಸಂಬಂಧ ಇಷ್ಟನ್ನು ಬರೆದಿಡಲಿ. ಒಂದು ಮಧ್ಯಾಹ್ನದ ಕೆಲಸ. ಮುಂದೆ ಹುಟ್ಟುವವರಿಗೆ ಪೇಟದ ಸುತ್ತನ್ನೂ ಕೋಟಿನ ಗುಂಡಿಯನ್ನೂ ನೋಡಿ ಅಜ್ಜನನ್ನು ಊಹಿಸುವ ಕಷ್ಟವು ತಪ್ಪುವುದು.